ತಲೆಯ ಕೆರೆ ಕಡೆ

ನಮ್ಮೂರಿನ ಪುರಸಭೆ ತನ್ನ ಜೀವಮಾನದಲ್ಲಿ ಕೈಗೊಂಡ ಅತ್ಯಂತ ಗಹನವಾದ ನಿರ್ಣಯ ಒಂದು ಕುರ್ಚಿಗೆ ಸಂಬಂಧಪಟ್ಟದ್ದು. ಅದರ ಕಾಲಿಗೆ ಗಾಲಿ ಇರಬೇಕೆ, ಅಥವಾ ಅದನ್ನು ನಾಲ್ಕು ಬೋಲ್ಟು ಹಾಕಿ ನೆಲಕ್ಕೆ ಬಿಗಿಯಬೇಕೆ ಎಂಬ ಪ್ರಶ್ನೆಯ ಮೇಲೆ ಎರಡು ದಿನ ಸಭೆ ನಡೆಯಿತು. ಹನ್ನೊಂದು ಜನ ಮಾತಾಡಿದರು. ಒಬ್ಬರು ಉಪನಿಷತ್ತನ್ನು ಉದಾಹರಿಸಿದರು. ಅಧ್ಯಕ್ಷರು ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಕುಡಿಯುವ ನೀರಿನ ವಿಷಯ ಅದೇ ಸಭೆಯಲ್ಲಿ ನಾಲ್ಕು ನಿಮಿಷದಲ್ಲಿ ಮುಗಿದಿತ್ತು. ಆ ಕುರ್ಚಿಯಲ್ಲಿ ಕೂರಬೇಕಾದವಳು ನಾನು, ಆದ್ದರಿಂದ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನನಗೆ ಅಭಿಪ್ರಾಯವಿರಲಿಲ್ಲ. ಆಗ ನನಗೆ ಯಾವುದರ ಬಗ್ಗೆಯೂ ಅಭಿಪ್ರಾಯವಿರಲಿಲ್ಲ. ಕಾಯಿಲೆಯೇ ಅದು.

ನಮ್ಮಲ್ಲಿ ಯಾವ ಕಟ್ಟಡವೂ ಒಂದೇ ಕಡೆಗೆ ಮುಖ ಮಾಡಿಕೊಂಡು ಎರಡು ದಿನ ಇರುವುದಿಲ್ಲ. ಹಾಲಿನವಳು ಬರುವುದಕ್ಕೆ ಸ್ವಲ್ಪ ಮುಂಚೆ ಪ್ರತಿ ಮನೆಯೂ ನಿಂತ ಜಾಗದಲ್ಲೇ ತಿರುಗಿಕೊಳ್ಳುತ್ತದೆ, ಮಲಗಿದವರು ಮಗ್ಗುಲು ಬದಲಿಸಿದ ಹಾಗೆ. ಸದ್ದಿಲ್ಲ, ಅಲುಗಾಟವಿಲ್ಲ. ಕೊಳದಪ್ಪಲೆಯ ಕಂಠದವರೆಗೆ ತುಂಬಿಟ್ಟ ನೀರೂ ತುಳುಕುವುದಿಲ್ಲ. ನಿನ್ನೆ ಪೇಟೆಯನ್ನು ನೋಡುತ್ತಿದ್ದ ಬಾಗಿಲು ಇವತ್ತು ಪಕ್ಕದ ಮನೆಯ ಬಚ್ಚಲ ಕಿಟಕಿಯನ್ನು ನೋಡುತ್ತಿರುತ್ತದೆ. ಅಂಚೆಯವನು ಯಾವ ತೂತು ಎದುರಿಗೆ ಸಿಕ್ಕಿತೋ ಅದರೊಳಗೆ ಕಾಗದ ತುರುಕಿ ಹೋಗುತ್ತಾನೆ. ಜಗಳವಾಡಿದ ನೆರೆಯವರು ಮುಖ ತಪ್ಪಿಸಿಕೊಂಡು ಓಡಾಡುವ ಕಷ್ಟ ತೆಗೆದುಕೊಳ್ಳುವುದಿಲ್ಲ, ಆ ಕೆಲಸವನ್ನು ಮನೆಗಳೇ ಮಾಡುತ್ತವೆ. ಮತ್ತೆ ಬಾಗಿಲಿಗೆ ಬಾಗಿಲು ಎದುರಾದ ದಿನ ರಾಜಿಯಾಗುವುದು ವಾಡಿಕೆ. ಕೆಲವು ಮನೆಗಳು ಇದಕ್ಕೆ ಆರೇಳು ತಿಂಗಳು ತೆಗೆದುಕೊಂಡದ್ದುಂಟು.

ಮನೆ ತಿರುಗಿದರೂ ಮನೆಯೊಳಗಿನವರು ತಿರುಗಬಾರದು ಎಂಬುದು ನಮ್ಮ ಹಿರಿಯರ ಹಟ. ಹಾಗಾಗಿ ಹಾಲು ಕಾಯಿಸುವುದಕ್ಕೆ ಮುಂಚೆ ಎಲ್ಲ ಮನೆಗಳಲ್ಲೂ ಮಂಚ, ಮೇಜು, ದೇವರ ಪೀಠಗಳನ್ನು ಮತ್ತೆ ನಿನ್ನೆಯ ಕಡೆಗೇ ತಿರುಗಿಸಿ ಇಡುತ್ತಾರೆ. ಇದಕ್ಕೆ ತಿರುವುವ ಹೊತ್ತು ಎಂದು ಹೆಸರು. ನನ್ನ ಗಂಡ ಮರಿಸ್ವಾಮಿಯವರ ಅನ್ನ ಹುಟ್ಟುವುದೇ ಆ ಹೊತ್ತಿನಿಂದ. ಅವರು ಮಂಚ, ಬೀರು, ಒರಳುಗಳಿಗೆಲ್ಲ ಗಾಲಿ ಕೂರಿಸಿಕೊಡುತ್ತಾರೆ. ಹೀಗಾಗಿ ಕುರ್ಚಿಯ ಸಭೆಯಲ್ಲಿ ಅವರು ಗಾಲಿಯ ಪರವಾಗಿ ಎದ್ದು ನಿಂತಾಗ, ಇದು ಸ್ವಾಮಿಯವರ ಸ್ವಂತ ಲಾಭದ ಮಾತು ಎಂದು ಯಾರೋ ಹಿಂದಿನಿಂದ ಅಂದರು. ಅವರು ಅಲ್ಲಿಗೇ ಕೂತುಬಿಟ್ಟರು.

ಇನ್ನೊಂದು ವಿಷಯ ನಾವು ಮಾತಾಡುವ ರೀತಿಯದು. ನಮಗೆ ಊರಲ್ಲಿ ಅಲ್ಲಾಡದೆ ಇರುವುದು ನಾಲ್ಕೇ: ಕೆರೆ, ಅದರ ಎದುರಿಗೆ ಗುಡ್ಡ, ಅಡ್ಡಕ್ಕೆ ಪೇಟೆ, ಪೇಟೆಯ ಎದುರಿಗೆ ಹಳೆಯ ಸುಣ್ಣದ ಗೂಡು. ಎಲ್ಲವನ್ನೂ ನಾವು ಈ ನಾಲ್ಕರಿಂದಲೇ ಗುರುತಿಸುತ್ತೇವೆ. ಅನ್ನದ ಪಾತ್ರೆಯ ಗುಡ್ಡದ ಕಡೆ ಸೀದಿದೆ ಅನ್ನುತ್ತೇವೆ. ನಿನ್ನ ಕೆರೆ ಕಡೆ ಕೆನ್ನೆಗೆ ಅರಿಸಿನ ಮೆತ್ತಿದೆ ಅನ್ನುತ್ತೇವೆ. ಆ ಕೆನ್ನೆಯವಳು ಕೂತಲ್ಲೇ ತಿರುಗಿದರೆ ಅರಿಸಿನ ಪೇಟೆ ಕಡೆಗೆ ಹೋಗುತ್ತದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಡ ಬಲಗಳು ನಮಗೆ ತಿಮಿಂಗಿಲದ ಹಾಗೆ. ಪುಸ್ತಕದಲ್ಲಿವೆ, ಇರಬಹುದು ಎಂದು ನಂಬಿದ್ದೇವೆ, ಊರಲ್ಲಿ ಯಾರೂ ಕಂಡಿಲ್ಲ.

ಈ ಮಾತಿನಿಂದಲೇ ನನ್ನ ಕಾಯಿಲೆಗೆ ಹೆಸರು ಸಿಗುವುದು ಮೂರು ವರ್ಷ ತಡವಾಯಿತು. ನಾನು ಪುರಸಭೆಯ ಗ್ರಂಥಾಲಯದಲ್ಲಿ ಗ್ರಂಥಪಾಲಕಿ, ಹೆಸರು ಹೈಮವತಿ. ಮೂವತ್ತೆಂಟನೆಯ ವಯಸ್ಸಿನಲ್ಲಿ ಏಣಿಯ ಮೇಲೆ ನಿಂತಿದ್ದಾಗ ಒಂದು ಕಾಲು ನನ್ನದಲ್ಲ ಅನ್ನಿಸಿತು. ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ, ಸೋಮವಾರ ಗುಡ್ಡದ ಕಡೆ ಕಾಲು ಜೋಮು ಹಿಡಿಯಿತು, ಮಂಗಳವಾರ ಏಣಿ ಎದುರಿನ ಗೋಡೆಗೆ ಇಟ್ಟಿದ್ದಾಗ ಕೆರೆ ಕಡೆ ಕಾಲು ಜೋಮು ಹಿಡಿಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಲ್ಲಿನ ಡಾಕ್ಟರು ಪೆನ್ನು ಕೆಳಗಿಟ್ಟು, ನೋವು ದಿನಕ್ಕೊಂದು ಕಡೆ ಹಾರುತ್ತದೆ, ರೋಗಿಗೆ ಮನಸ್ಸಿನ ತೊಂದರೆ, ಎಂದು ಬರೆದು ಕಳಿಸಿದರು. ನಾಲ್ಕನೆಯ ವರ್ಷ ಕಣ್ಣು ಮಂಜಾದಾಗ ತಲೆಯ ಸ್ಕ್ಯಾನು ಮಾಡಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹರಿದುಹೋಗುತ್ತದಂತೆ. ತಲೆ ಕೊಟ್ಟ ಅಪ್ಪಣೆ ಕಾಲಿಗೆ ಹೊರಟು, ದಾರಿಯಲ್ಲಿ ಎಲ್ಲೋ ಕೂತು ಬೀಡಿ ಹಚ್ಚಿಕೊಂಡುಬಿಡುತ್ತದೆ. ಅಷ್ಟು ಹೊತ್ತಿಗೆ ಮೊದಲು ಬರೆದ ಮನಸ್ಸಿನ ತೊಂದರೆಯೂ ನಿಜವಾಗಿಯೇ ಬಂದು ಸೇರಿಕೊಂಡಿತ್ತು. ಹೀಗೆ ತಡವಾಗಿಯಾದರೂ ಮೊದಲನೆಯ ಡಾಕ್ಟರು ಸರಿ ಎಂದಾಯಿತು.

ಆ ದುಃಖದ ಬಗ್ಗೆ ಹೆಚ್ಚು ಹೇಳಲಾರೆ, ಹೇಳುವಂಥದ್ದು ಅದರಲ್ಲಿ ಇರಲಿಲ್ಲ. ಅಳು ಬರುತ್ತಿರಲಿಲ್ಲ. ಅಳುವುದಕ್ಕೂ ಏನಾದರೂ ಬೇಕಾಗಿರಬೇಕು. ನನಗೆ ಏನೂ ಬೇಕಿರಲಿಲ್ಲ. ಎರಡು ವರ್ಷ ಒಂದು ಪುಸ್ತಕವನ್ನೂ ಮುಗಿಸಲಿಲ್ಲ. ಸಾಲು ಓದುತ್ತಿದ್ದೆ, ಸಾಲು ಅಲ್ಲೇ ಇರುತ್ತಿತ್ತು, ನಾನೂ ಇಲ್ಲೇ ಇರುತ್ತಿದ್ದೆ. ರಜೆ ಹಾಕಿ ಮನೆಯಲ್ಲಿ ಮಲಗಿದೆ. ಸುಸ್ತು ಕಾಯಿಲೆಯದೋ, ಬೇಸರ ಕಾಲಿನದೋ, ಏಳಲಾರದ್ದು ಯಾರು, ನಾನೋ ನನ್ನ ಸೊಂಟವೋ, ಒಂದೂ ಬಿಡಿಸಿ ಹೇಳುವ ಹಾಗಿರಲಿಲ್ಲ. ಮರಿಸ್ವಾಮಿ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ದಿನ ಅಂಗಡಿಗೆ ಒಯ್ದು ಬೀಗ ಹಾಕಿಟ್ಟರು, ದಿನಕ್ಕೆ ಬೇಕಾದಷ್ಟೇ ಜೇಬಿನಲ್ಲಿ ತರತೊಡಗಿದರು. ತಿರುವುವ ಹೊತ್ತಿನಲ್ಲಿ ನಾನು ಮಲಗಿದ್ದ ಹಾಗೆಯೇ ಮಂಚ ತಿರುಗಿಸುತ್ತಿದ್ದರು. ಆ ಎರಡು ವರ್ಷ ನಾನು ಮಾಡಿದ ಪ್ರಯಾಣ ಅದೊಂದೇ.

ಆಗ ಬಂದರು ಡಾಕ್ಟರ್ ವಾದಿರಾಜ, ಹೊರಗಿನವರು, ಮೂವತ್ತೈದರ ಆಸುಪಾಸು, ಒಂದು ಲಾರಿ ತುಂಬ ಯಂತ್ರದ ಜೊತೆ. ತಲೆಬುರುಡೆ ಕೊರೆಯದೆ, ಮೈಮರೆಸದೆ, ಹೊರಗಿನಿಂದಲೇ ಅಯಸ್ಕಾಂತದ ಮಿಡಿತ ಕಳಿಸಿ, ಎಡ ಹಣೆಯ ಹಿಂದೆ ಮಂಕು ಹಿಡಿದು ಕೂತಿರುವ ಮಿದುಳಿನ ಭಾಗವನ್ನು ತಟ್ಟಿ ಎಬ್ಬಿಸುವುದು ಅದರ ಕೆಲಸ. ಬರೀ ಖಿನ್ನತೆ ಇದ್ದವರಲ್ಲಿ ಬಹಳ ಜನಕ್ಕೆ ಗುಣ ಕಂಡಿದೆಯಂತೆ. ಆದರೆ ನನ್ನಂತೆ ನರದ ಹೊದಿಕೆ ಹರಿದವರ ಖಿನ್ನತೆಗೆ ಹಿಡಿಸುತ್ತದೋ ಇಲ್ಲವೋ ಇನ್ನೂ ಪಕ್ಕಾ ತಿಳಿಯದು. ಅದನ್ನು ನೋಡಲೆಂದೇ ಅವರು ಊರೂರು ತಿರುಗಿ ಅಂಥ ಇಪ್ಪತ್ತು ಜನರನ್ನು ಹುಡುಕುತ್ತಿದ್ದರು. ನಮ್ಮೂರಿನ ಪಾಲಿಗೆ ನಾನೊಬ್ಬಳು. ಯಂತ್ರ ಇಲ್ಲಿರುವುದು ಎಂಟು ವಾರ, ನನಗೆ ಇಪ್ಪತ್ತು ಸಲ. ನಿಮಗೆ ಇದರಿಂದ ಏನು ಆಗಬೇಕು ಅಂತ ಆಸೆ ಇದೆ ಎಂದು ಅವರು ಒಂದು ಕಾಗದ ತೆಗೆದು ಕೇಳಿದರು. ಏನಾದರೂ ಬೇಕು ಅಂತ ಅನ್ನಿಸಬೇಕು, ಅಷ್ಟೇ, ಅಂದೆ. ಆ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವರು ಅಂಚಿನಲ್ಲಿ ಬರೆದುಕೊಂಡರು.

ಯಂತ್ರದ ತೋಳು ಭಾರ, ಕುರ್ಚಿ ಒಂದು ಕೂದಲೆಳೆ ಸರಿದರೂ ಕೆಟ್ಟಿತು, ಬೋಲ್ಟು ಹಾಕಲೇಬೇಕು ಎಂದು ಡಾಕ್ಟರು ಸಭೆಯಲ್ಲಿ ಹೇಳಿದರು. ಗೆದ್ದರು. ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಕುರ್ಚಿ ನೆಲಕ್ಕೆ ಕಚ್ಚಿಕೊಂಡಿತು. ನಮ್ಮೂರಿನಲ್ಲಿ ಬೆಳಿಗ್ಗೆ ತಿರುಗಿಸಲು ಬಾರದ ಮೊದಲನೆಯ ವಸ್ತು ಅದು. ಜನ ಬಂದು ನೋಡಿಕೊಂಡು ಹೋದರು. ಯಂತ್ರ ನಡೆಸುವ ಕೆಲಸ ನರ್ಸು ದೇವೀರಮ್ಮನ ಪಾಲಿಗೆ ಬಂತು. ಅವಳೂ ನಾನೂ ಶಾಲೆಯಲ್ಲಿ ಒಂದೇ ಬೆಂಚು. ಕೆಲಸದಲ್ಲಿ ಅವಳಷ್ಟು ಅಚ್ಚುಕಟ್ಟಿನವಳು ಇನ್ನೊಬ್ಬಳಿಲ್ಲ, ಸೂಜಿ ಚುಚ್ಚಿದರೆ ಸೂಜಿಗೇ ನೋವಾಗಬಾರದು ಅನ್ನುವಂಥವಳು. ಮೊದಲ ದಿನ ಡಾಕ್ಟರು ನನ್ನ ತಲೆಗೆ ಬಿಳಿ ಬಟ್ಟೆಯ ಟೋಪಿ ಹಾಕಿ, ಅಂಗುಲ ಅಂಗುಲ ಅಳೆದು, ಟೋಪಿಯ ಮೇಲೆ ಒಂದು ನೀಲಿ ಚುಕ್ಕೆ ಇಟ್ಟು, ಯಂತ್ರದ ತೋಳಿನ ತುದಿಯ ತಂತಿ ಸುರುಳಿ ಇಲ್ಲೇ ಕೂರಬೇಕು, ಈ ಕಡೆಯೇ, ದಿನವೂ ಇದೇ ಕಡೆ, ಅಂದರು. ಆ ದಿನ ಕುರ್ಚಿ ಪೇಟೆಗೆ ಮುಖ ಮಾಡಿತ್ತು. ದೇವೀರಮ್ಮ ಕಿಟಕಿಯಿಂದ ಆಚೆ ನೋಡಿ, ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಕೆರೆ ಕಡೆ.

ಮಾರನೆಯ ದಿನದಿಂದ ಡಾಕ್ಟರು ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರತೊಡಗಿದರು. ಅವರ ಕಷ್ಟ ಅವರಿಗೆ. ಬೆಳಿಗ್ಗೆ ತಂಗಿದ್ದ ಬಂಗಲೆಯಿಂದ ಹೊರಬಂದರೆ ಗುಡ್ಡ ಹತ್ತಿಬಿಡುತ್ತಿದ್ದರು. ಆಸ್ಪತ್ರೆಯ ಬಾಗಿಲು ಹುಡುಕಿಕೊಂಡು ಸುತ್ತು ಹಾಕಿ ಅಡುಗೆಮನೆಯ ಕಡೆಯಿಂದ ಒಳಗೆ ಬರುತ್ತಿದ್ದರು. ಗುರುತಿಗೆಂದು ಬಾಗಿಲಿಗೆ ಕೆಂಪು ಟವೆಲು ಕಟ್ಟಿದ್ದರು. ಅದನ್ನು ನೋಡಿ ಚೆನ್ನಾಗಿದೆ ಅನ್ನಿಸಿ ಇನ್ನೂ ಆರು ಜನ ತಮ್ಮ ತಮ್ಮ ಬಾಗಿಲಿಗೆ ಕೆಂಪು ಟವೆಲು ಕಟ್ಟಿದರು. ದಿನವೂ ಅವರು ಗೋಡೆಯಾಚೆಯಿಂದಲೇ, ಮೊದಲ ದಿನದ ಕಡೆಯೇ ತಾನೆ ಎಂದು ಕೇಳುತ್ತಿದ್ದರು. ಅದೇ ಕಡೆ ಸಾರ್, ಒಂದು ಎಳ್ಳಿನಷ್ಟೂ ಆ ಕಡೆ ಈ ಕಡೆ ಇಲ್ಲ, ಎಂದು ದೇವೀರಮ್ಮ ಹೇಳುತ್ತಿದ್ದಳು. ಇಬ್ಬರೂ ಸುಳ್ಳು ಹೇಳುವವರಲ್ಲ.

ಯಂತ್ರ ಮರಕುಟಿಗದ ಹಾಗೆ ಕುಟ್ಟುತ್ತಿತ್ತು, ಸ್ವಲ್ಪ ಹೊತ್ತು ಕುಟ್ಟುವುದು, ಸ್ವಲ್ಪ ಹೊತ್ತು ಯೋಚಿಸುವುದು. ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ಕುಟ್ಟಿದಾಗಲೆಲ್ಲ ಹುಬ್ಬು ತಾನಾಗಿ ಅದುರುತ್ತಿತ್ತು. ಮುಗಿದ ಮೇಲೆ ದೇವೀರಮ್ಮ ಪ್ರಶ್ನೆಗಳನ್ನು ಓದುತ್ತಿದ್ದಳು, ಶಾಲೆಯಲ್ಲಿ ಪದ್ಯ ಒಪ್ಪಿಸುತ್ತಿದ್ದ ಅದೇ ರಾಗದಲ್ಲಿ. ಕಳೆದ ವಾರ ನಿಮಗೆ ಆಯಾಸವಾಗಿತ್ತೆ? ಆಗಿತ್ತು. ಕೈಕಾಲು ಭಾರವೆನಿಸಿತೆ? ಎನಿಸಿತು. ಕೆಲಸಗಳು ನಿಧಾನವಾದವೆ? ನನ್ನ ಕಾಲು ಹರಿದ ತಂತಿಯ ಮೇಲೆ ನಡೆಯುತ್ತಿದೆ, ಇದು ದುಃಖದ ಲೆಕ್ಕಕ್ಕೋ ನರದ ಲೆಕ್ಕಕ್ಕೋ ಎಂದು ನಾನು ಕೇಳಿದರೆ ಅವಳು ಪೆನ್ನು ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದಳು. ಒಳಗೆ ಕೇಳಿ ಬಂದು, ಎರಡಕ್ಕೂ ಹಾಕು ಅಂದ್ರು, ಅನ್ನುತ್ತಿದ್ದಳು. ಮೊದಲ ದಿನವೂ ಮೊದಲ ವಾರದ ಕೊನೆಗೂ ನನ್ನ ಅಂಕ ಮೂವತ್ತೊಂದು. ಹೆಚ್ಚಿದ್ದಷ್ಟೂ ಕೆಟ್ಟದ್ದು. ಶಾಲೆಯಲ್ಲಿ ಗಣಿತಕ್ಕೆ ನನಗೆ ಅಷ್ಟು ಬಂದದ್ದಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಮರಿಸ್ವಾಮಿಯೇ ಎರಡು ವರ್ಷದಿಂದ ಅಡುಗೆ ಮಾಡುತ್ತಿದ್ದರು. ಸಾರಿಗೆ ಉಪ್ಪಿಲ್ಲ ಅಂದೆ. ಅಂದ ಮೇಲೆ ನನಗೇ ಗೊತ್ತಾಯಿತು, ಅಂದದ್ದು ನಾನು ಎಂದು. ಅವರು ಉಪ್ಪಿನ ಮರಿಗೆ ತಂದು ಮುಂದಿಟ್ಟರು. ಊಟ ಮುಗಿಸದೆ ಎದ್ದು ಅಂಗಡಿಗೆ ಹೋದರು. ಆ ಮಧ್ಯಾಹ್ನ ಅವರು ಒಂದು ಮಂಚಕ್ಕೆ ಮೂರೇ ಗಾಲಿ ಹಾಕಿ ಕಳಿಸಿದರೆಂದು, ಅದರ ಯಜಮಾನ ರಾತ್ರಿಯಿಡೀ ಒಂದು ಮೂಲೆಗೆ ಜಾರಿದನೆಂದು ಆಮೇಲೆ ಊರೆಲ್ಲ ಹೇಳಿತು. ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಬರುವಾಗ ಗ್ರಂಥಾಲಯದ ಕಿಟಕಿಯಲ್ಲಿ ಇಣುಕಿದೆ. ನನ್ನ ಜಾಗಕ್ಕೆ ಕೂರಿಸಿದ್ದವನು ಪ್ರವಾಸ ಕಥನಗಳ ನಡುವೆ ಪಂಚಾಂಗ ಜೋಡಿಸಿದ್ದ. ಮೈ ಉರಿಯಿತು. ಮನೆಗೆ ಬಂದ ಮೇಲೂ ಉರಿಯುತ್ತಲೇ ಇತ್ತು, ಅದರ ಬಿಸಿಗೆ ನಾನು ಎರಡು ಲೋಟ ಕಾಫಿ ಕುಡಿದೆ. ಹದಿನಾಲ್ಕನೆಯ ದಿನ ಅಂಕ ಹದಿನೇಳಕ್ಕೆ ಇಳಿಯಿತು. ಡಾಕ್ಟರು ತಮ್ಮ ಕೇಂದ್ರಕ್ಕೆ ಫೋನು ಮಾಡಿ ಮಾತಾಡುವ ಸದ್ದು ಗೋಡೆಯಾಚೆ ಕೇಳಿತು. ಅವರು ಅಷ್ಟು ಬೇಗ ಬೇಗ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹದಿನೈದನೆಯ ದಿನ ಆ ಸಂತೋಷದಲ್ಲೇ ಅವರು ನನ್ನನ್ನು ಕಣ್ಣಾರೆ ನೋಡಲು ಒಳಗೆ ಬಂದರು. ಆ ದಿನ ಆಸ್ಪತ್ರೆ ತಿರುಗಿದ್ದ ರೀತಿಗೆ ಕುರ್ಚಿ ಗುಡ್ಡಕ್ಕೆ ಮುಖ ಮಾಡಿತ್ತು. ಕೆರೆ ನನ್ನ ಬೆನ್ನಿನ ಹಿಂದಿತ್ತು. ಯಂತ್ರ ನನ್ನ ಹಿಂದಲೆಯನ್ನು ಶ್ರದ್ಧೆಯಿಂದ ಕುಟ್ಟುತ್ತಿತ್ತು, ಮುಚ್ಚಿದ ಕಣ್ಣಿನೊಳಗೆ ಸಣ್ಣ ಸಣ್ಣ ಮಿಂಚು ಹೊಡೆಯುತ್ತಿತ್ತು. ಡಾಕ್ಟರು ಬಾಗಿಲಲ್ಲೇ ನಿಂತರು. ಗುಂಡಿ ಒತ್ತಿ ಯಂತ್ರ ನಿಲ್ಲಿಸಿದರು. ನನ್ನ ಕಣ್ಣಿಗೆ ಟಾರ್ಚು ಬಿಟ್ಟರು, ಕೈಬೆರಳು ಹಿಡಿದು ನೋಡಿದರು, ಫಿಟ್ಸು ಬಂದಂತಾಯಿತೆ ಎಂದು ಮೂರು ಸಲ ಕೇಳಿದರು.

“ಯಾಕಮ್ಮಾ ಇದು ಇಲ್ಲಿದೆ?” ಎಂದು ದೇವೀರಮ್ಮನನ್ನು ಕೇಳಿದರು.

“ಎಲ್ಲಿರಬೇಕೋ ಅಲ್ಲೇ ಐತಲ್ಲ ಸಾರ್, ಕೆರೆ ಕಡೆ,” ಅಂದಳು ಅವಳು. “ಕುರ್ಚಿ ತಿರುಗಿಸೋ ಹಂಗಿಲ್ಲ ಅಂತ ನೀವೇ ಬೋಲ್ಟು ಹಾಕಿಸಿದ್ರಿ. ಅದಕ್ಕೆ ದಿನಾ ಟೋಪಿ ತಿರುಗಿಸ್ತಿದ್ದೆ.”

ಡಾಕ್ಟರು ನೆಲದ ಮೇಲೆ ಕೂತರು. ಕೂರಲು ಆ ಕೋಣೆಯಲ್ಲಿ ಇದ್ದದ್ದು ಅದೊಂದೇ ಕುರ್ಚಿ. ದೇವೀರಮ್ಮ ತನ್ನ ಪುಸ್ತಕ ತಂದು ಕೊಟ್ಟಳು. ಹದಿನೈದು ದಿನವೂ ಕುರ್ಚಿ ಯಾವ ಕಡೆ ಮುಖ ಮಾಡಿತ್ತೆಂದು ಅವಳು ಬರೆದಿಟ್ಟಿದ್ದಳು, ಯಾರೂ ಕೇಳದಿದ್ದರೂ. ಅವರು ಬೆರಳಿಟ್ಟು ಓದಿದರು. ನಾಲ್ಕು ದಿನ ಸರಿಯಾಗಿ ಎಡಕ್ಕೆ ಬಿದ್ದಿತ್ತು. ಐದು ದಿನ ಬಲಕ್ಕೆ. ಮೂರು ದಿನ ಹಣೆಯ ನಟ್ಟನಡುವೆ. ಮೂರು ದಿನ ಹಿಂದಲೆಗೆ. ನನಗಾದರೂ ಗೊತ್ತಾಗಬೇಕಿತ್ತು, ನಾನು ತಿಮಿಂಗಿಲಗಳ ಬಗ್ಗೆ ಓದಿದವಳು. ಆದರೆ ನನಗೂ ಅದು ದಿನವೂ ಒಂದೇ ಜಾಗ ಅನ್ನಿಸಿತ್ತು, ಕೆರೆ ಎಲ್ಲಿಗೆ ಹೋಗುತ್ತದೆ? ನಮ್ಮಲ್ಲಿ ಮನುಷ್ಯನ ಜೊತೆ ತಿರುಗುವ ಹೆಸರುಗಳು ಎರಡೇ, ಅವು ಕೈಯವು: ಉಣ್ಣುವ ಕೈ, ತೊಳೆಯುವ ಕೈ. ಅದನ್ನು ದೇವೀರಮ್ಮನೇ ಎತ್ತಿದಳು. ತೊಳೆಯೋ ಕೈ ಕಡೆ ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತಲ್ಲ ಸಾರ್, ಎಂದು ಕಣ್ಣೀರು ಹಾಕಿಕೊಂಡಳು. ತಲೆಯ ವಿಷಯ ಮಾತಾಡುವಾಗ ಆ ಕೈಯ ಹೆಸರೆತ್ತುವುದು ಮರ್ಯಾದೆಯಲ್ಲವೆಂದು ತಾನಾಗಿ ಕೇಳಲಿಲ್ಲವಂತೆ.

ಸುದ್ದಿ ತಿಳಿದು ಮರಿಸ್ವಾಮಿ ಅಂಗಡಿಯ ಬಾಗಿಲು ಹಾಕಿಕೊಂಡು ಬಂದರು. ಗಾಲಿಯ ಮಾತು ಅವರ ಬಾಯಲ್ಲಿ ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ. ಅವರು ನನ್ನ ಪಕ್ಕದಲ್ಲಿ ನಿಂತು, ಈಗ ಇವಳಿಗೆ ಏನಾಗುತ್ತೆ ಎಂದಷ್ಟೇ ಕೇಳಿದರು. ಡಾಕ್ಟರಿಗೂ ಅದೇ ಗೊತ್ತಿರಲಿಲ್ಲ. ಬಲಗಡೆ ಕೊಟ್ಟರೂ ಕೆಲವರಿಗೆ ಗುಣವಾದದ್ದುಂಟು, ಆದರೆ ಅದರ ಮಿಡಿತದ ಲೆಕ್ಕವೇ ಬೇರೆ. ನಡುಹಣೆಯದ್ದು ಅಲ್ಪಸ್ವಲ್ಪ ಓದಿದ್ದಾರೆ. ಹಿಂದಲೆಗೆ ಕೊಟ್ಟು ದುಃಖ ಹೋದದ್ದನ್ನು ಯಾರೂ ಬರೆದಿಲ್ಲ. ನಾಲ್ಕನ್ನೂ ಸೇರಿಸಿ ಕೊಟ್ಟವರು ಭೂಮಿಯ ಮೇಲೆ ನಾವೇ ಇರಬೇಕು. ಗುಣವಾದದ್ದು ಆ ನಾಲ್ಕು ಸರಿಯಾದ ದಿನಗಳಿಂದ ಇರಬಹುದು, ಹನ್ನೊಂದು ತಪ್ಪು ದಿನಗಳಿಂದ ಇರಬಹುದು, ಯಂತ್ರದಿಂದಲೇ ಅಲ್ಲದೆ ದಿನವೂ ಎದ್ದು ಸೀರೆಯುಟ್ಟು ಆಸ್ಪತ್ರೆಗೆ ಬಂದದ್ದರಿಂದಲೂ ಇರಬಹುದು. ಇಷ್ಟನ್ನೂ ಅವರು ನೆಲದ ಮೇಲೆ ಕೂತೇ ಹೇಳಿದರು. ಹೇಳುತ್ತ ಹೇಳುತ್ತ ನನ್ನ ಮುಖವನ್ನು ಬಿಟ್ಟು ಕಿಟಕಿಯ ಆಚೆ ನೋಡತೊಡಗಿದರು.

ಮಾರನೆಯ ದಿನ ಅವರ ಕೇಂದ್ರದಿಂದ ಅಪ್ಪಣೆ ಬಂತು. ಕುರ್ಚಿ ಸರಿಪಡಿಸಿ, ಈ ರೋಗಿಗೆ ಮೊದಲಿನಿಂದ ಇಪ್ಪತ್ತು ಸಲ ಕೊಡಬಹುದು, ಇನ್ನೂ ಐದು ವಾರ ಇದೆ. ಆದರೆ ಇದುವರೆಗೆ ಚಿಕಿತ್ಸೆ ಆಗಿಲ್ಲ ಎಂದು ರೋಗಿ ಬರೆದುಕೊಡಬೇಕು. ಅಂಕವನ್ನು ಮೂವತ್ತೊಂದರಿಂದಲೇ ಲೆಕ್ಕ ಹಿಡಿಯಬೇಕು. ಬರೆದುಕೊಡದಿದ್ದರೆ ಯಂತ್ರವನ್ನು ಕಟ್ಟಿ ಮುಂದಿನ ಊರಿಗೆ ಕಳಿಸಿ. ಡಾಕ್ಟರು ಕಾಗದ ಮುಂದಿಟ್ಟರು. ಕೆಳಗೆ ನನ್ನ ಹೆಸರಿಗೆ ಗೆರೆ ಎಳೆದಿತ್ತು.

ನನ್ನ ತಲೆ ಅಷ್ಟು ಗೋಜಲಾದದ್ದು ಕಾಯಿಲೆಯ ದಿನಗಳಲ್ಲೂ ಇಲ್ಲ. ರುಜು ಹಾಕದಿದ್ದರೆ ಇಷ್ಟಕ್ಕೇ ನಿಲ್ಲುತ್ತದೆ, ಬಂದದ್ದು ಹಿಂದಕ್ಕೆ ಹೋಗಬಹುದು. ಮತ್ತೆ ಮಂಚ, ಮತ್ತೆ ಮರಿಸ್ವಾಮಿಯ ಜೇಬಿನ ಮಾತ್ರೆ. ರುಜು ಹಾಕಿದರೆ ಇಪ್ಪತ್ತು ಸಲ ಬರೀ ಎಡಕ್ಕೆ. ಬಲದಿಂದಲೋ ಹಿಂದಲೆಯಿಂದಲೋ ಬಂದದ್ದನ್ನು ಎಡ ಒದ್ದು ಓಡಿಸಿದರೆ? ಅಡುಗೆಮನೆಯಲ್ಲಿ ಕೂತು ಇದನ್ನೇ ಬಾಯಿಬಿಟ್ಟು ತಿರುವಿ ಹಾಕುತ್ತಿದ್ದೆ. ಈಗ ನನಗೆ ಬೇಕು ಅನ್ನಿಸುತ್ತಿರುವುದೆಲ್ಲ ನನ್ನದೋ, ತಪ್ಪು ಜಾಗ ಕುಟ್ಟಿಸಿಕೊಂಡ ಮಿದುಳಿನದೋ, ಅದನ್ನು ಕೇಳಿ ತಿಳಿಯಲು ನನ್ನ ಹತ್ತಿರ ಇರುವುದೂ ಅದೇ ಮಿದುಳು. ಮರಿಸ್ವಾಮಿ ಕೇಳಿಸಿಕೊಂಡರು. ಅವರಿಗೆ ಮಾತು ಕಡಿಮೆ.

“ಉಪ್ಪಿಲ್ಲ ಅಂದಿದ್ದು ಯಾರೇ?” ಅಂದರು. “ಯಂತ್ರಕ್ಕೆ ನನ್ನ ಸಾರಿನ ರುಚಿ ಗೊತ್ತಾ?”

ನಾನು ನಕ್ಕೆನೆಂದು ಅವರು ಈಗಲೂ ಹೇಳುತ್ತಾರೆ. ನನಗೆ ನೆನಪಿರುವುದು ಬೇರೆ. ಆ ಕಾಗದದ ಮೇಲೆ ನನಗೆ ಬಂದ ಸಿಟ್ಟು. ಹದಿನೈದು ದಿನ ಏನೂ ಆಗಿಲ್ಲ ಎಂದರೆ ಆ ಊಟ ಆಗಿಲ್ಲ, ಪಂಚಾಂಗ ಕಂಡು ಮೈ ಉರಿದದ್ದು ಆಗಿಲ್ಲ, ಈ ಮನುಷ್ಯ ಅಂಗಡಿಯಲ್ಲಿ ಮೂರೇ ಗಾಲಿ ಹಾಕಿ ಮಂಚ ಕಳಿಸಿದ್ದೂ ಆಗಿಲ್ಲ. ಹಿಂದೊಬ್ಬ ಡಾಕ್ಟರು ನಾನು ಹೇಳಿದ್ದನ್ನು ಆಗಿಲ್ಲವೆಂದು ಬರೆದಿದ್ದರು. ಈ ಸಲ ಅದನ್ನು ನನ್ನ ಕೈಯಿಂದಲೇ ಬರೆಸುತ್ತಿದ್ದಾರೆ.

ಬೆಳಿಗ್ಗೆ ಕೋಲು ಹಿಡಿದು ಒಬ್ಬಳೇ ಆಸ್ಪತ್ರೆಗೆ ಹೋದೆ. ಬಾಗಿಲು ಸಿಕ್ಕದೆ ಡಾಕ್ಟರೂ ಹೊರಗೇ ಸುತ್ತುತ್ತಿದ್ದರು, ಆದ್ದರಿಂದ ಮಾತು ನಡೆದದ್ದು ಆಸ್ಪತ್ರೆಯ ಹಿತ್ತಿಲಿನಲ್ಲಿ, ಒಗೆದು ಹರವಿದ ಹಾಸಿಗೆ ಬಟ್ಟೆಗಳ ನಡುವೆ. ರುಜು ಹಾಕುವುದಿಲ್ಲ ಅಂದೆ. ಅವರು ತಲೆಯಾಡಿಸಿದರು, ಅದನ್ನೇ ನಿರೀಕ್ಷಿಸಿದವರ ಹಾಗೆ. ಯಂತ್ರ ಕಟ್ಟಿಸುತ್ತೇನೆ ಅಂದರು.

“ಕಟ್ಟಿಸಬೇಡಿ,” ಅಂದೆ. “ನನಗೆ ಆ ಇಪ್ಪತ್ತೂ ಬೇಕು.”

ಅವರು ನನ್ನನ್ನು ನೋಡಿದರು. ಬೇಕು ಅಂದದ್ದನ್ನು ನಾವಿಬ್ಬರೂ ಕೇಳಿಸಿಕೊಂಡೆವು. ಆ ಮಾತು ನನ್ನ ಬಾಯಿಂದ ಹೊರಟ ಮೇಲೆ ಹಿಂದಕ್ಕೆ ಹಾಕಿಕೊಳ್ಳುವ ಹಾಗಿರಲಿಲ್ಲ.

“ಹಾಗಾದರೆ ವರದಿಯಲ್ಲಿ ನಿಮ್ಮನ್ನು ಹಾಕಿಕೊಳ್ಳಲು ಬರೋದಿಲ್ಲ,” ಅಂದರು. “ನೀವು ಯಾವ ಲೆಕ್ಕಕ್ಕೂ ಸೇರೋದಿಲ್ಲ. ಗುಣವಾದರೂ ಯಾಕೆ ಆಯಿತು ಅಂತ ನಾನು ಯಾರಿಗೂ ಹೇಳಲಾರೆ. ನಿಮಗೂ ಹೇಳಲಾರೆ.”

“ಹೇಳಬೇಡಿ. ಕೊಡಿ.”

ಅವರು ಒಂದು ಹಾಸಿಗೆ ಬಟ್ಟೆಯ ತುದಿಯನ್ನು ಹಿಡಿದು ಮಡಿಸಿದರು, ಬಿಚ್ಚಿದರು. ಕೇಂದ್ರದವರು ಯಂತ್ರ ಕಟ್ಟಿಸಿ ಅಂದಿದ್ದಾರೆ, ಯಾವತ್ತು ಅಂತ ಹೇಳಿಲ್ಲ, ಅಂದರು ಕೊನೆಗೆ. ಈ ಊರಿನಲ್ಲಿ ಲಾರಿಗೆ ಆಸ್ಪತ್ರೆಯ ಬಾಗಿಲು ಸಿಕ್ಕುವುದಕ್ಕೆ ನಾಲ್ಕು ವಾರವಾದರೂ ಬೇಕು ಎಂದು ಬರೆದರೆ ಸುಳ್ಳಾಗುವುದಿಲ್ಲ.

ಬೋಲ್ಟು ಬಿಚ್ಚಲು ಪುರಸಭೆಯ ಇನ್ನೊಂದು ನಿರ್ಣಯ ಬೇಕೆಂದು ಅಧ್ಯಕ್ಷರು ಹೇಳಿಕಳಿಸಿದರು. ಅಷ್ಟರಲ್ಲಿ ಮರಿಸ್ವಾಮಿ ಸ್ಪ್ಯಾನರು ತಂದು ಬಿಚ್ಚಿಯಾಗಿತ್ತು. ಗಾಲಿಗೆ ಬೀಗವಿರುವಂಥದ್ದನ್ನು ಮಾಡಿ ಹಾಕಿದರು. ದೇವೀರಮ್ಮ ಬ್ಲೇಡಿನಷ್ಟು ತೆಳ್ಳಗೆ ಶಾಯಿಯಲ್ಲಿ ನನ್ನ ತೊಳೆಯುವ ಕೈಯ ಮುಂಗೈ ಮೇಲೊಂದು, ಟೋಪಿಯ ಚುಕ್ಕೆಯ ಕೆಳಗೊಂದು ಗೆರೆ ಎಳೆದು, ದಿನವೂ ಎರಡನ್ನೂ ತಾಳೆ ನೋಡಿ, ಆಮೇಲೆ ಡಾಕ್ಟರನ್ನು ಕರೆದು ಅವರ ಕಣ್ಣಿನಿಂದಲೂ ನೋಡಿಸಿ ಗುಂಡಿ ಒತ್ತಿದಳು. ಅಭ್ಯಾಸಬಲದಿಂದ ಕಿಟಕಿಯಾಚೆ ಕೆರೆಯ ಕಡೆಗೂ ಒಮ್ಮೆ ನೋಡುತ್ತಿದ್ದಳು.

ಸಲೀಸಾಗಿ ನಡೆಯಿತೆಂದೇನೂ ಅಲ್ಲ. ಎಡದ ಏಳನೆಯ ದಿನ ಅಂಕ ಇಪ್ಪತ್ತನಾಲ್ಕಕ್ಕೆ ಏರಿತು. ನಾನು ಎರಡು ದಿನ ಮುಸುಕು ಹಾಕಿ ಮಲಗಿದೆ. ಮರಿಸ್ವಾಮಿ ಮಂಚವನ್ನು ಮಂಚದ ಮೇಲಿದ್ದ ನನ್ನ ಸಮೇತ ತಿರುಗಿಸಿ, ಹಾಗೆಯೇ ಬಾಗಿಲ ತನಕ ತಳ್ಳಿಕೊಂಡು ಬಂದು, ಇಲ್ಲಿಂದ ಮುಂದೆ ಮೆಟ್ಟಿಲಿದೆ, ಇಳಿಯಬೇಕು, ಅಂದರು. ಇಳಿದೆ. ಆ ಏರಿಕೆ ಎಡದ ತಪ್ಪೋ, ಬಲ ನಿಂತುಹೋದದ್ದರ ತಪ್ಪೋ, ಆ ವಾರ ಬಿದ್ದ ಸೆಖೆಗೆ ನನ್ನ ನರಗಳು ಮುದುಡಿದ್ದೋ, ಡಾಕ್ಟರು ಮೂರು ಪುಟ ಬರೆದು ಹರಿದು ಹಾಕಿದರು. ಹತ್ತನೆಯ ದಿನ ಅಂಕ ಮತ್ತೆ ಇಳಿಯತೊಡಗಿತು. ಅದಕ್ಕೂ ಕಾರಣ ಹೇಳಿದವರಿಲ್ಲ.

ಇಪ್ಪತ್ತನೆಯ ದಿನ ನನ್ನ ಅಂಕ ಹನ್ನೊಂದು. ಎಡಗಾಲು ಎಳೆಯುವುದು ಹಾಗೆಯೇ ಇದೆ. ವರದಿಯಲ್ಲಿ ಹತ್ತೊಂಬತ್ತು ಜನರಿದ್ದಾರೆ, ನಾನಿಲ್ಲ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ.